ಅಮರಮ್ಮ ಬರೆ ಹಾಕಿಸಿಕೊಳ್ಳಲಿಲ್ಲ

ಕಾಲುವೆ ನೀರು ಬಂದು ನೆಲ್ಲು, ಅಂದರೆ ಭತ್ತ, ಹೆಚ್ಚಿ ಮಾನ್ವಿಯ ಅಕ್ಕಿ ಗಿರಣಿಗೆ ಕೈತುಂಬ ಕೆಲಸ. ಅಲ್ಲಿ ನೆಲ್ಲಿನ ಬುಟ್ಟಿ ಹೊರುವ ಅಮರಮ್ಮನಿಗೆ ವರ್ಷದಿಂದ ಕುತ್ತಿಗೆ ನೋವು. ಹಿಂದೆ ನೋಡಬೇಕೆಂದರೆ ಮೈಯೆಲ್ಲ ತಿರುಗಿಸಬೇಕು. ಒಂದು ಸಂಜೆ ಅತ್ತೆ ಗೋಪಮ್ಮ ಕುಡಗೋಲನ್ನು ಒಲೆಯಲ್ಲಿ ಕಾಯಲು ಇಟ್ಟಳು. ನೋವಿಗೆ ಬರೆ ಎಳೆಯುವುದು ಆ ಓಣಿಯ ರೂಢಿ. ಸುಡುಗಾಡು ರೂಢಿ!

“ಬಾ, ಕುಂದ್ರು. ಒಂದ್ ಬರಿ ಬಿದ್ರ ನೋವು ಓಡಿ ಹೋಗ್ತದ.”

“ಒಲ್ಲೆ ಅತ್ತಿ. ಕಡದು ಹಾಕಿದ್ರೂ ಒಲ್ಲೆ!”

ಗಂಡ ಗದ್ದೆಪ್ಪ ಸಿಡುಕಿದ. “ಹಿರೇರ ಮಾತು ಮೀರ್ತೀಯೇನ? ಹಂಗಾರ ಗಿರಣಿ ಕೆಲಸ ಬಿಡು.”

“ಕೆಲಸಾನೂ ಬಿಡಂಗಿಲ್ಲ, ಬರಿನೂ ಹಾಕಿಸ್ಕೊಳ್ಳಂಗಿಲ್ಲ!”

ಗಲಾಟೆ ಕೇಳಿ ಪಕ್ಕದ ಮನೆಯ ಹಾಜಿರಾ ಬೀ ಬಂದಳು. ಅವಳು ಸರಕಾರಿ ದವಾಖಾನೆಯ ನರ್ಸು. ಸಂಗತಿ ತಿಳಿದು, “ಅಮರಮ್ಮ, ಆ ಕೊಡ ಎತ್ತು ನೋಡೋಣು,” ಎಂದಳು.

ಅಮರಮ್ಮ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಹೆಗಲನ್ನು ಕಿವಿಯ ತನಕ ಏರಿಸಿದಳು.

“ಇಳಸು ಇಳಸು! ಉಸಿರು ಯಾಕ ಕಟ್ಟಿದಿ?”

“ಉಸಿರು ಬಿಟ್ರ ಭಾರ ಬೀಳ್ತದಂತ ಗಿರಣ್ಯಾಗ ಎಲ್ಲಾರೂ ಅಂತಾರಲ್ಲ.”

“ಅದಕ್ಕ ಕುತ್ತಿಗಿ ಹಗ್ಗದಾಂಗ ಬಿಗದದ. ನೆಟ್ಟಗ ಕುಂದ್ರು. ಕೈ ಹೊಟ್ಟಿ ಮ್ಯಾಲ ಇಡು. ಮೂಗಿಲೆ ಮೆಲ್ಲಕ ಉಸಿರು ತಗೋ, ಹೊಟ್ಟಿ ಉಬ್ಬಲಿ. ಇನ್ನೂ ಮೆಲ್ಲಕ ಬಿಡು, ಹೆಗಲು ತಾನ ಇಳೀಲಿ. ಬುಟ್ಟಿ ಎತ್ತುವಾಗೂ ಉಸಿರು ಕಟ್ಟಬ್ಯಾಡ, ಬಿಡಕೋತ ಎತ್ತು.”

“ಗಾಳಿ ಕುಡದ್ರ ನೋವು ಹೋಗ್ತದೇನ?” ಗದ್ದೆಪ್ಪ ನಕ್ಕ.

“ಒಂದ ದಿನಕ್ಕ ಹೋಗಂಗಿಲ್ಲಪ್ಪಾ. ಮುಂಜಾನಿ ಸಂಜಿ ಬಿಡದಂಗ ಮಾಡಿದ್ರ ಬಿಗಿ ಸಡಲ್ತದ, ನೋವು ತಡಕೊಳ್ಳಾಕ ಬರ್ತದ. ಕೈ ಜೋಮು ಹಿಡದ್ರ, ಬಲ ಕಡಿಮಿ ಆದ್ರ ಸೀದಾ ದವಾಖಾನಿಗೆ ಕರಕೊಂಡು ಬಾ. ಬರಿ ಮಾತ್ರ ಬ್ಯಾಡ, ಗಾಯ ಕೀವಾಗ್ತದ.” ಆಮೇಲೆ ಗೋಪಮ್ಮನತ್ತ ತಿರುಗಿದಳು. “ನಿಮ್ಮ ಕುತ್ತಿಗಿ ಮ್ಯಾಲೂ ಬರಿ ಅದಲ್ಲ ಯವ್ವಾ. ನೋವು ಹೋತೇನ?”

ಗೋಪಮ್ಮ ಹಳೆಯ ಕಲೆಯನ್ನು ಮುಟ್ಟಿಕೊಂಡಳು. ಕಣ್ಣು ತುಂಬಿತು. “ಎಲ್ಲಿ ಹೋತವ್ವಾ, ಇವತ್ತೂ ಅದ. ನಾನೂ ಅವತ್ತು ಒಲ್ಲೆ ಅಂದಿದ್ದೆ. ಯಾರೂ ಕೇಳಲಿಲ್ಲ, ಹಿಡಕೊಂಡು ಎಳದ್ರು.”

ಅವಳೇ ಎದ್ದು ಕೆಂಪಗೆ ಕಾದ ಕುಡಗೋಲನ್ನು ನೀರಿಗೆ ಅದ್ದಿದಳು. ಸೊಸೆಯ ಪಕ್ಕದಲ್ಲಿ ಕೂತು, “ನನಗೂ ಕಲಸು,” ಎಂದಳು. ಗದ್ದೆಪ್ಪ ಎದ್ದು ಒಲೆಯ ಬೆಂಕಿ ಆರಿಸಿದ.

ಸುಗ್ಗಿಯ ಹೊತ್ತಿಗೆ ಗಂಡ ಹಿಂದಿನಿಂದ ಕೂಗಿದರೆ ಅಮರಮ್ಮ ಬರೀ ಕುತ್ತಿಗೆ ತಿರುಗಿಸಿ ನೋಡುತ್ತಿದ್ದಳು. ನೋವು ಪೂರ್ತಿ ಹೋಗಿರಲಿಲ್ಲ, ಆದರೆ ಹಿಡಿತಕ್ಕೆ ಬಂದಿತ್ತು. ಉಸಿರು ಬಿಡುತ್ತಾ ಬುಟ್ಟಿ ಎತ್ತುವುದನ್ನು ಗದ್ದೆಪ್ಪನೇ ಗಿರಣಿಯವರಿಗೆಲ್ಲ ಹೇಳುತ್ತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ಕುಡಗೋಲು ಇರುವುದು ನೆಲ್ಲು ಕೊಯ್ಯಲಿಕ್ಕೆ. ಅದನ್ನು ಕಾಯಿಸಿ ನಿಮ್ಮ ಕುತ್ತಿಗೆಯ ಹತ್ತಿರ ಯಾರೇ ತಂದರೂ ಹೆದರಬೇಡಿ. ಮೆಲ್ಲಗೆ ಉಸಿರು ತೆಗೆದುಕೊಳ್ಳಿ. ಆಮೇಲೆ ಓಣಿಗೆಲ್ಲ ಕೇಳುವಂತೆ, ಒಲ್ಲೆ ಎನ್ನಿ!