ಬರ್ತೇನಲೇ

ನಾಸೀರನ ಹತ್ತಿರ ಟೆಂಟು ಇರಲಿಲ್ಲ. ಅವನ ಅಪ್ಪ ಅಕ್ಬರಸಾಬ ಇಳಕಲ್ಲಿನ ಸಂತೆಯಲ್ಲಿ ಉಳ್ಳಾಗಡ್ಡಿ ಚೀಲಗಳಿಗೆ ಹೊದಿಸುತ್ತಿದ್ದ ತಾಡಪತ್ರಿ ಇತ್ತು. ನಾಸೀರ ಅದರ ಎರಡು ಮೂಲೆಗಳನ್ನು ಜಾಲಿಗಿಡಕ್ಕೆ ಬಿಗಿದು, ಉಳಿದೆರಡರ ಮೇಲೆ ಕೆಂಪು ಕಲ್ಲು ಹೇರುತ್ತಿದ್ದ.

"ಏನಲೇ ಇದು, ಇನ್ನೂ ಉಳ್ಳಾಗಡ್ಡಿ ವಾಸನಿ ಹೊಡ್ಯಾಕತ್ತೈತಿ," ಎಂದ ಹಣಮೇಶ, ಬಂಡೆಗೆ ಬೆನ್ನು ಕೊಟ್ಟು. "ಮೊಬೈಲ್ ಅಂಗಡಿ ಇಟ್ಟಿ, ಒಂದು ಟೆಂಟ್ ತಗೊಳ್ಳಾಕ ಆಗವಲ್ದೇನು?"

"ನಿನ್ನ ಎಲೆಕ್ಷನ್ ಬ್ಯಾನರ್ ಅರ್ಧಾ ಹರದು ಕೊಡು. ಇಬ್ಬರೂ ಆರಾಮ ಮಲಗಬಹುದು."

ಹಣಮೇಶ ನಕ್ಕ. ಮೊದಲಿನ ನಗೆಯಲ್ಲ.

ಬಾಗಲಕೋಟೆಯ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದಾಗಿನಿಂದ ಇಬ್ಬರೂ ವರ್ಷಕ್ಕೊಮ್ಮೆ ಬಾದಾಮಿಯಾಚೆಯ ಈ ಕೊಳ್ಳಕ್ಕೆ ಬರುತ್ತಿದ್ದರು. ಹೆಸರಿಗೆ ಕೊಳ್ಳ, ಹನಿ ನೀರಿಲ್ಲ. ಕಾದ ಬಂಡೆ, ಉಸುಕು, ಕಳ್ಳಿ. ಕುರಿ ಕಾಯುವವರೂ ಇತ್ತ ಸುಳಿಯುವುದಿಲ್ಲ. ಮೇಲೆ ದಂಡೆಯಲ್ಲಿ ಇಬ್ಬರ ಬೈಕುಗಳನ್ನೂ ನಿಲ್ಲಿಸಿ, ಬಂಡೆಗಳ ಸಂದಿಯಲ್ಲಿ ಕಾಲುತಾಸು ಇಳಿಯಬೇಕು. ಈ ವರ್ಷ ಹಣಮೇಶ ತನ್ನೂರು ಶಿರೂರಿನಲ್ಲಿ ಪಂಚಾಯಿತಿ ಚುನಾವಣೆಗೆ ನಿಂತಿದ್ದ. ಹೊಸ ಮಂದಿ ಅವನನ್ನು ಸುತ್ತಿಕೊಂಡಿದ್ದರು. ನಾಸೀರನ ಫೋನನ್ನು ತಿಂಗಳುಗಟ್ಟಲೆ ಎತ್ತದವನು ಮೊನ್ನೆ ಎತ್ತಿ, ತಾನಾಗಿಯೇ ಕೊಳ್ಳಕ್ಕೆ ಹೋಗೋಣ ಅಂದಿದ್ದ. ಯಾರ ಕಣ್ಣಿಗೂ ಬೀಳದ ಜಾಗ ಇದೊಂದೇ ಎಂಬುದು ನಾಸೀರನಿಗೆ ಆಗ ಹೊಳೆದಿರಲಿಲ್ಲ.

ಅದು ಹೊಳೆದದ್ದು ಫೋಟೋ ತೆಗೆದಾಗ. ಇಳಿಬಿಸಿಲಿಗೆ ಬಂಡೆಗಳು ಇಟ್ಟಂಗಿಯ ಹಾಗೆ ಕೆಂಪಾಗಿದ್ದವು. ನಾಸೀರ ಹಣಮೇಶನ ಹೆಗಲ ಮೇಲೆ ಕೈ ಹಾಕಿ, ಇನ್ನೊಂದು ಕೈ ಚಾಚಿ ಮೊಬೈಲು ಒತ್ತಿದ.

"ಸ್ಟೇಟಸ್‌ಗೆ ಹಾಕಬ್ಯಾಡ," ಎಂದ ಹಣಮೇಶ.

"ಯಾಕಲೇ, ಹೊಟ್ಟಿ ಕಾಣತೈತೇನು?"

"ಎಲೆಕ್ಷನ್ ಮುಗೀಲಿ. ನಮ್ಮ ಹುಡುಗ್ರು ಒಂಥರಾ ಅದಾರ. ನಿನಗ ಗೊತ್ತೈತಿ."

ನಾಸೀರ ಕೈ ತೆಗೆದ. ಗೊತ್ತಿಲ್ಲದವನಂತೆ ಒಲೆಗೆ ಕಡ್ಡಿ ತುರುಕಿದ. ಚಹಾ ಕುದಿಯಿತು. ಎರಡು ಸ್ಟೀಲ್ ಲೋಟಕ್ಕೆ ಸುರಿದು, ಒಂದನ್ನು ಅವನ ಕೈಗೆ ಕೊಟ್ಟು, ಬ್ಯಾಗಿನಿಂದ ಹಸಿರು ಕಾರ್ಡು ತೆಗೆದ.

"ಖುಶನುಮಾನ ಮದಿವಿ. ಬರೂ ರವಿವಾರ. ಮೊದಲನೇ ಕಾರ್ಡ್ ಹಣಮೇಶಣ್ಣಗ ಮುಟ್ಟಬೇಕಂತ ಹಟ ಹಿಡದಾಳ."

ನಾಸೀರನ ಈ ತಂಗಿಗೆ ಸೈಕಲ್ ಕಲಿಸಿದವನು ಹಣಮೇಶ. ಬಿದ್ದಾಗ ಮೊಣಕಾಲಿಗೆ ಅರಿಸಿನ ಮೆತ್ತಿದವನೂ ಅವನೇ.

"ಇಷ್ಟು ದೊಡ್ಡಾಕ್ಯಾದಳೇನು!" ಹಣಮೇಶ ಕೈ ಚಾಚಲಿಲ್ಲ. "ಕೈ ಮಸಿ ಆಗೇತಿ. ಬ್ಯಾಗಿನಾಗ ಇಡು."

"ಇಡ್ತೇನಿ. ನೀ ಬರ್ತೀಯೋ ಇಲ್ಲೋ? ಆಕಿ ಕೇಳ್ತಾಳ, ಏನರ ಹೇಳಬೇಕಲ್ಲ ನಾ."

ಹಣಮೇಶ ಚಹಾ ಊದಿ ಒಂದು ಗುಟುಕು ಕುಡಿದ. ಆಮೇಲೆ, "ಮನಿಗೆ ಫೋನ್ ಮಾಡಿಲ್ಲ. ಮ್ಯಾಲ ಸಿಗ್ನಲ್ ಸಿಗತೈತಿ," ಎನ್ನುತ್ತ ಚಹಾ ಹಿಡಿದುಕೊಂಡೇ ಎದ್ದ. ನಾಲ್ಕು ಬಂಡೆ ಏರಿದವನು ತಿರುಗಿ ನಿಂತು ಹೇಳಿದ: "ಬರ್ತೇನಲೇ."

ನಾಸೀರನ ಎದೆ ಹಗುರಾಯಿತು. ತಾನು ಕೇಳಿದ್ದಕ್ಕೇ ಇದು ಉತ್ತರ. ರೊಟ್ಟಿಯ ಗಂಟು ಬಿಚ್ಚಿ, ಶೇಂಗಾ ಚಟ್ನಿಯನ್ನು ಎರಡು ಪಾಲು ಮಾಡಿದ. ದೊಡ್ಡ ಪಾಲು ಹಣಮೇಶನಿಗೆ. ದೂರದಲ್ಲೆಲ್ಲೋ ಬೈಕಿನ ಸದ್ದಾಯಿತು. ಕೊಳ್ಳದಲ್ಲಿ ಯಾವ ಸದ್ದು ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ.

ಕತ್ತಲಾಯಿತು. ರೊಟ್ಟಿಯ ಮೇಲೆ ಇರುವೆ ಹತ್ತಿದವು. "ಹಣಮ್ಯಾ!" ಎಂದು ಕೂಗಿದ. ಬಂಡೆ ಅವನ ಕೂಗನ್ನು ಅವನಿಗೇ ತಿರುಗಿ ಕೊಟ್ಟಿತು. ಎಲ್ಲಾದರೂ ಕಾಲು ಜಾರಿದನೋ ಎಂದು ಟಾರ್ಚು ಹಿಡಿದು, ಸಂದಿಸಂದಿಗೆ ಬೆಳಕು ಬಿಡುತ್ತ ಹತ್ತಿದ.

ದಂಡೆಯಲ್ಲಿ ನಾಸೀರನ ಬೈಕು ಒಂದೇ ನಿಂತಿತ್ತು. ಅದರ ಸೀಟಿನ ಮೇಲೆ ಲೋಟ. ಚಹಾವನ್ನು ಪೂರಾ ಕುಡಿದು, ಉಸುಕು ಬೀಳದ ಹಾಗೆ ಬೋರಲು ಇಟ್ಟಿದ್ದ.

ಜೇಬಿನಲ್ಲಿ ಮೊಬೈಲು ಟಣ್ಣೆಂದಿತು.

"ಫೋನ್ ಬಂತು, ಹೊಂಟೆ. ಬರ್ತೇನಿ ಅಂತ ಹೇಳೇ ಹೊಂಟೇನಿ, ಸಿಟ್ಟಾಗಬ್ಯಾಡ. ಮದಿವಿಗೆ ಆಗೂದಿಲ್ಲಲೇ. ಇವತ್ತಿನ ಫೋಟೋ ತಗದ ಹಾಕು."

ಹೋಗುವವರು ಹೋಗ್ತೇನಿ ಅನ್ನಬಾರದು, ಬರ್ತೇನಿ ಅನ್ನಬೇಕು. ತೊದಲು ಮಾತಿನ ಕಾಲದಲ್ಲೇ ಅವ್ವ ಅಬೇದಾ ಕಲಿಸಿದ್ದಳು. ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಯಾರ್‍ಯಾರಿಗೋ ತಾನೇ ಹಾಗೆ ಹೇಳಿ ಬಸ್ಸು ಹತ್ತಿದ್ದಾನೆ. ಅವರ್‍ಯಾರೂ ರೊಟ್ಟಿ ಬಿಚ್ಚಿಟ್ಟುಕೊಂಡು ಕಾದಿರಲಿಕ್ಕಿಲ್ಲ.

ಲೋಟ ತೆಗೆದುಕೊಂಡು ಕೆಳಗಿಳಿದ. ತಾಡಪತ್ರಿಯ ಒಂದು ಮೂಲೆ ಕಲ್ಲಿನಡಿಯಿಂದ ಬಿಡಿಸಿಕೊಂಡು ಪಟಪಟ ಬಡಿಯುತ್ತಿತ್ತು. ಅದರ ಮೇಲೆ ಮತ್ತೆ ಕಲ್ಲು ಹೇರದೆ ತಾಡಪತ್ರಿಯಡಿ ಕುಳಿತು ಮೊಬೈಲು ತೆರೆದ. ಇವತ್ತಿನ ಫೋಟೋಗಳಿದ್ದದ್ದು ನಾಲ್ಕು. ಹಣಮೇಶ ಕೇಳಿದ್ದು ಅಷ್ಟನ್ನೇ. ನಾಸೀರ ಬೆರಳು ತೆಗೆಯಲಿಲ್ಲ, ಹಿಂದಕ್ಕೆ ಸರಿಸುತ್ತ ಹೋದ. ಹೋದ ವರ್ಷದ ಕೊಳ್ಳ, ಅದರ ಹಿಂದಿನ ವರ್ಷದ ಕೊಳ್ಳ, ಕೂಡಲಸಂಗಮದಲ್ಲಿ ಹೊಳೆಯೊಳಗೆ ನಿಂತದ್ದು, ಹಾಸ್ಟೆಲ್ಲಿನ ಕಟ್ಟೆ, ಸೈಕಲ್ಲಿನ ಮೇಲೆ ಖುಶನುಮಾ, ಹಿಂದೆ ಸೀಟು ಹಿಡಿದು ಓಡುವ ಹಣಮೇಶ. ಎಲ್ಲಕ್ಕೂ ಗುರುತು ಹಾಕಿ ಒತ್ತಿದ.

ಪರದೆಯ ಮೇಲೆ ಸಾಲೊಂದು ಮೂಡಿತು: ಇನ್ನೂರಾ ಹದಿನೇಳು ಫೋಟೋಗಳನ್ನು ಅಳಿಸಲಾಗಿದೆ.