ಹಲಸಿನ ತಿರುವಿನ ಸಗಣಿ

“ಕೈ ನೀಡಮ್ಮಿ. ಎರಡೂ ಕೈ. ಮೂಸಿ ನೋಡ್ಬೇಕು.”

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇವೇಂದ್ರ ಹಾಗೆ ಅಂದಾಗ ನನ್ನ ಅಕ್ಕ ಗಂಗಾಮಣಿ ಕಾಫಿ ಕಣದ ಮಧ್ಯೆ ನಿಂತಿದ್ದಳು. ಬೆಳಗಿನ ಹಾಜರಿಗೆ ಬಂದ ಆಳುಗಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಅವಳು ಕೈ ನೀಡಿದಳು. ದೇವೇಂದ್ರ ಬಗ್ಗಿ ಮೂಗನ್ನು ಹತ್ತಿರ ತಂದ, ಮುಟ್ಟಲಿಲ್ಲ. ಆಮೇಲೆ ಪಕ್ಕಕ್ಕೆ ಉಗಿದ.

“ಥೂ. ಬರೀ ಸಗಣಿ ನಾತ.”

“ಕೊಟ್ಟಿಗೆ ಬಾಚೋಳ ಕೈ ಇನ್ನೇನು ಮಲ್ಲಿಗೆ ವಾಸ್ನೆ ಬತ್ತದಾ ರೈಟ್ರೇ?” ಅಂದಳು ಅಕ್ಕ.

ಯಾರೋ ಕಿಸಕ್ಕೆಂದರು. ದೇವೇಂದ್ರ ತಿರುಗಿ ನೋಡಿದ. ನಗು ನಿಂತಿತು.

“ಬಾಯಿ ಜಾಸ್ತಿ ಆಯ್ತು ನಿಂದು, ಮುಂಡೆ. ಸ್ಟೋರಲ್ಲಿ ಎರಡು ಮೂಟೆ ಯೂರಿಯಾ ಇಲ್ಲ. ಹೋಬಳೀಲಿ ಯೂರಿಯಾಕ್ಕೆ ಜನ ಬಡ್ದಾಡ್ತಾವ್ರೆ. ಸಾವ್ಕಾರ್ರ ರಾಗಿ ನೋಡುದ್ರೆ ಅರಿಶಿನ ಬಳ್ಕಂಡಂಗೈತೆ. ಬೇಲಿ ಆಚೆ ನಿನ್ನ ರಾಗಿ ಮಂಡಿ ಮೇಲಕ್ಕೆ ಎದ್ದು ಕಪ್ಪಗೆ ನಿಂತೈತೆ. ಎಲ್ಲಿಂದ ಬಂತಮ್ಮಿ ಆ ಬಣ್ಣ?”

“ತಿಪ್ಪೆ ಗೊಬ್ಬರ.”

“ಯಾವ ತಿಪ್ಪೆ? ನಿಂಗೆ ದನ ಎಲ್ಲೈತೆ? ಒಂದು ಆಡೂ ಇಲ್ಲ. ನೀನೇ ಕೂತು ಹಾಕುದ್ಯಾ?”

ಈ ಸಲ ಎಲ್ಲರೂ ನಕ್ಕರು. ನಗದಿದ್ದವರ ಮುಖ ನೆನಪಿಟ್ಟುಕೊಳ್ಳುವ ಜಾತಿ ಅವನದು. ನಾನೂ ನಕ್ಕೆ. ಆ ಸಗಣಿ ಎಲ್ಲಿಂದ ಬಂತು ಅಂತ ಅಕ್ಕನನ್ನು ಬಿಟ್ಟರೆ ಗೊತ್ತಿದ್ದವನು ನಾನೊಬ್ಬನೇ.

ನಾನು ನಂಜುಂಡ. ಸಾಹುಕಾರ ಯೋಗಾನಂದರ ಎಸ್ಟೇಟಿನಲ್ಲಿ ದನ ಕಾಯುವವನು. ನನ್ನ ಹೆಂಡತಿ, ಹಾಸಿಗೆ ಹಿಡಿದ ತಾಯಿ ಇಬ್ಬರೂ ಎಸ್ಟೇಟಿನ ಲೈನ್ ಮನೆಯಲ್ಲೇ ಇದ್ದಾರೆ. ಕೆಲಸ ಹೋದರೆ ಅದೇ ಸಂಜೆಗೆ ಮನೆಯೂ ಹೋಗುತ್ತದೆ.

ಸಾಹುಕಾರರ ದೊಡ್ಡಮನೆಯ ದನಕ್ಕೆ ಒಂದು ಕಟ್ಟಳೆ ಇದೆ. ಅದರ ಸಗಣಿ ಎಲ್ಲಿ ಬಿದ್ದರೂ ದೊಡ್ಡಮನೆಯದೇ. ಕೊಟ್ಟಿಗೆಯಲ್ಲಿ ಬಿದ್ದದ್ದು ಸರಿ, ರಸ್ತೆಯಲ್ಲಿ ಬಿದ್ದದ್ದೂ, ಗೋಮಾಳದಲ್ಲಿ ಬಿದ್ದದ್ದೂ ಅವರದೇ. ಕಾಯುವವನು ಅದನ್ನು ಬುಟ್ಟಿಗೆ ಎತ್ತಿ ಸಂಜೆ ತಂದು ತಿಪ್ಪೆಗೆ ಹಾಕಬೇಕು. ನಮ್ಮಪ್ಪ ಒಂದೇ ಒಂದು ಸಲ ಒಂದು ಬುಟ್ಟಿ ಸಗಣಿಯನ್ನು ನಮ್ಮ ಹಿತ್ತಿಲಿನ ಅವರೆ ಬಳ್ಳಿಗೆ ಹಾಕಿದ. ಈಗಿನ ಸಾಹುಕಾರರ ಅಪ್ಪ ಹಸಿ ಸಗಣಿ ತುಂಬಿದ ಬುಟ್ಟಿಯನ್ನು ಅವನ ತಲೆಯ ಮೇಲೆ ಬೋರಲು ಹಾಕಿಸಿ ಬೆಳಗೋಡಿನ ಬಸ್ ಸ್ಟ್ಯಾಂಡಿನವರೆಗೆ ನಡೆಸಿದರು. ನಾನು ಹಿಂದೆ ಹಿಂದೆ ಹೋಗಿದ್ದೆ. ಅಪ್ಪ ಕಣ್ಣು ಒರೆಸಿಕೊಳ್ಳಲಿಲ್ಲ. ಕೈ ಎತ್ತಬಾರದು ಅಂತ ಹೇಳಿದ್ದರು.

ದನ ಕಾದವರಿಗೆ ಒಂದು ವಿಷಯ ಗೊತ್ತು. ರಾತ್ರಿಯೆಲ್ಲ ಕಟ್ಟಿದ್ದ ದನವನ್ನು ಬೆಳಿಗ್ಗೆ ಬಿಚ್ಚಿದರೆ ನಾಲ್ಕು ಹೆಜ್ಜೆ ನಡೆಯುವುದರೊಳಗೆ ಬಾಲ ಎತ್ತುತ್ತದೆ. ನಾನು ಆ ನಾಲ್ಕು ಹೆಜ್ಜೆಯನ್ನು ಕದ್ದೆ. ಬಾಲ ಎತ್ತಲು ಬಿಡದೆ ಬಿರಬಿರನೆ ಹೊಡೆದುಕೊಂಡು ಬಂದು ಹಲಸಿನ ಮರದ ತಿರುವಿನಲ್ಲಿ ನಿಲ್ಲಿಸುತ್ತಿದ್ದೆ. ಬಂಗಲೆಯಿಂದ ಕಾಣದ ಜಾಗ ಅದೊಂದೇ. ಅದರ ಮಗ್ಗುಲಲ್ಲೇ ಅಕ್ಕನ ಹಕ್ಕಲು. ಹನ್ನೊಂದು ದನ, ಹತ್ತು ನಿಮಿಷ. ಅಕ್ಕ ಬುಟ್ಟಿ ಹಿಡಿದು ಕಾದಿರುತ್ತಿದ್ದಳು. ಅರ್ಧ ಅವಳಿಗೆ, ಅರ್ಧ ದೊಡ್ಡಮನೆಯ ತಿಪ್ಪೆಗೆ. ಎಲ್ಲವನ್ನೂ ಕದಿಯುವ ಧೈರ್ಯ ನಮಗಿರಲಿಲ್ಲ.

ಆ ಹಕ್ಕಲು ಮಳೆಯನ್ನೇ ನಂಬಿದ ಇಳಿಜಾರು ನೆಲ. ಎರಡು ಎಕರೆ ಸರ್ಕಾರಿ ಜಾಗ. ಭಾವ ಬದುಕಿದ್ದಾಗಿನಿಂದ ಉಳುತ್ತಿದ್ದಾರೆ, ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದಾರೆ. ಹೋದ ವರ್ಷ ತಾಲೂಕು ಆಫೀಸಿನವರು ನೋಡಲು ಬಂದಾಗ ರಾಗಿ ಗೇಣುದ್ದ ಇತ್ತು. “ಇದೇನಮ್ಮ, ರಾಗಿನೋ ಗರಿಕೆನೋ?” ಅಂತ ನಕ್ಕು ‘ಬೀಳು’ ಅಂತ ಬರೆದುಕೊಂಡು ಹೋದರು. ಇನ್ನೊಂದು ಸಲ ಬರುತ್ತೇವೆ, ಆಗಲೂ ಪೈರಿಲ್ಲದಿದ್ದರೆ ಅರ್ಜಿ ವಜಾ ಅಂದರು. ಆ ಜಾಗಕ್ಕೆಂದೇ ಸಾಹುಕಾರರ ನರ್ಸರಿಯಲ್ಲಿ ಕಾಫಿ ಸಸಿ ತಯಾರಾಗಿ ನಿಂತಿತ್ತು.

ಅಕ್ಕ ಸೊಸೈಟಿಗೆ ಹೋಗಿ ಗೊಬ್ಬರ ಕೇಳಿದಳು. ಪಹಣಿ ತಗೊಂಡು ಬಾ ಅಂದರು. ಪಹಣಿ ಬೇಕಾದರೆ ಪೈರು ಬೇಕು, ಪೈರಿಗೆ ಗೊಬ್ಬರ ಬೇಕು. ಅವಳು ವಾಪಸ್ ಬಂದು ಲಂಟಾನ ಪೊದೆಯೊಳಗೆ ಗುಂಡಿ ತೋಡಿದಳು. ಒಂದು ಪದರ ಸಗಣಿ, ಒಂದು ಪದರ ತರಗು, ಮೇಲೆ ಒಲೆ ಬೂದಿ. ದೀಪಾವಳಿಯಿಂದ ಮುಂಗಾರಿನ ತನಕ. ಮೊದಲ ಮಳೆ ಬಿದ್ದ ಮೇಲೆ ತಲೆಹೊರೆಯಲ್ಲಿ ಹೊತ್ತು ಹರಡಿ ಉಳುಮೆ ಮಾಡಿಸಿದಳು.

ಆಗಸ್ಟಿನಲ್ಲಿ ಮಳೆ ಇಪ್ಪತ್ತು ದಿನ ಕೈಕೊಟ್ಟಿತು. ಬರೀ ಮೂಟೆ ಗೊಬ್ಬರ ಕಂಡಿದ್ದ ಸಾಹುಕಾರರ ರಾಗಿ ಸುರುಟಿಕೊಂಡು ಹಳದಿಯಾಯಿತು. ಅಕ್ಕನ ಮಣ್ಣನ್ನು ಹಿಡಿ ತುಂಬ ಎತ್ತಿದರೆ ತಣ್ಣಗೆ ಅಂಟುತ್ತಿತ್ತು. ರಾಗಿ ಬುಡದಿಂದ ಹೊಸ ತೆಂಡೆ ಒಡೆದು ನೆಲ ಕಾಣದ ಹಾಗೆ ಮುಚ್ಚಿತು. ಅದನ್ನು ನೋಡಿ ನಮಗೆ ಸಂತೋಷವಾಗಲಿಲ್ಲ.

“ವಸಿ ಹಳ್ದಿ ಆಗ್ಬಾರ್ದಿತ್ತಾ ಇದು? ಇಷ್ಟೊಂದು ಕಣ್ಣಿಗೆ ಹೊಡೀತದಲ್ಲೋ ನಂಜ,” ಅಂದಳು ಅಕ್ಕ.

ಯೂರಿಯಾ ಎಲ್ಲಿ ಹೋಯಿತು ಅಂತಲೂ ನನಗೆ ಗೊತ್ತಿತ್ತು. ಹದಿನೈದು ದಿನದ ಹಿಂದೆ ಒಂದು ಸೋಮವಾರ ಮಧ್ಯಾಹ್ನ ಸ್ಟೋರಿನ ಹಿಂಬಾಗಿಲಿನಿಂದ ಎರಡು ಮೂಟೆ ಒಂದು ಪಿಕಪ್ ಹತ್ತಿದವು. ಹತ್ತಿಸಿದವನು ದೇವೇಂದ್ರ. ಬೀಗದ ಕೈ ಇರುವುದೂ ಅವನ ಸೊಂಟದಲ್ಲೇ. ನಾನು ಎಮ್ಮೆಯ ಮರೆಯಲ್ಲಿ ನಿಂತು ನೋಡಿದೆ. ನೋಡಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಕೈ ಮೂಸಿದ ದಿನವೇ ಸಂಜೆ ಸಾಹುಕಾರರು ಕೊಟ್ಟಿಗೆಗೆ ಬಂದರು. ಅವರು ಬೈಯುವುದಿಲ್ಲ. ಮೆಲ್ಲಗೆ ಮಾತಾಡುತ್ತಾರೆ. ಅವರ ದನಿ ಇಳಿದಷ್ಟೂ ನನ್ನ ಬೆನ್ನು ತಣ್ಣಗಾಗುತ್ತದೆ.

“ನಂಜುಂಡ, ಶುಕ್ರವಾರ ಆಫೀಸಿನವರು ಬರ್ತಾರಂತೆ ನಿನ್ನಕ್ಕನ ಹಕ್ಕಲಿಗೆ.”

“ಹೂಂ ಬುದ್ಧಿ.”

“ನಾಳೆ ಬೆಳಿಗ್ಗೆ ದನಾನ ಅಲ್ಲಿಗೆ ಹೊಡಿ. ಬೇಲಿ ಮುರ್ಕೊಂಡು ನುಗ್ಗುದ್ವು ಅನ್ನು. ನಮ್ಮ ಗೊಬ್ಬರ ತಿಂದ ಪೈರು, ನಮ್ಮ ದನ ತಿನ್ಲಿ.”

ನಾನು ಹಸುವಿನ ಹಗ್ಗದ ಗಂಟು ಬಿಚ್ಚಿ ಮತ್ತೆ ಕಟ್ಟಿದೆ.

“ನಿನ್ನಕ್ಕ ಅಂತ ನಂಗೊತ್ತು ಕಣಪ್ಪ. ಅದಕ್ಕೇ ಬೇರೆಯೋರಿಗೆ ಹೇಳ್ಲಿಲ್ಲ.” ಬಿಳಿಗಾಲಿನ ಸೀಮೆ ಹಸುವಿನ ಕುತ್ತಿಗೆ ಸವರುತ್ತ ಕೇಳಿದರು, “ಅಮ್ಮ ಹೆಂಗವ್ಳೆ? ಲೈನ್ ಮನೆ ಸೋರಲ್ಲ ತಾನೆ?”

ಹೋಗಿ ಅಕ್ಕನಿಗೆ ಹೇಳಿದೆ. ಅವಳು ಕಳೆ ಕೀಳುತ್ತಿದ್ದವಳು ತಲೆ ಎತ್ತಲಿಲ್ಲ. ಎರಡು ಸಾಲು ಮುಗಿಸಿದ ಮೇಲೆ ಕೇಳಿದಳು.

“ಹೋದ ವರ್ಷ ಯೂರಿಯಾ ಚೀಲ ನೆಕ್ಕಿ ಸತ್ತಿತ್ತಲ್ಲ ದೊಡ್ಡಮನೆ ಹಸು, ಎಷ್ಟೊತ್ತು ಒದ್ದಾಡ್ತು?”

ಆ ಹಸುವನ್ನು ಹೂತವನು ನಾನು. ಹೊಟ್ಟೆ ಡೋಲಿನ ಹಾಗೆ ಉಬ್ಬಿ, ಬಾಯಲ್ಲಿ ನೊರೆ ಬಂದು, ಒಂದು ಗಂಟೆಯೊಳಗೆ ಹೋಗಿತ್ತು.

“ಯಾಕಕ್ಕ ಕೇಳ್ತೀಯಾ? ಏನ್ ಮಾಡ್ಬೇಕು ಅಂತಿದ್ದೀಯಾ?”

“ಏನೂ ಇಲ್ಲ. ನೀನು ಅವ್ರು ಹೇಳ್ದಂಗೆ ದನ ಹೊಡ್ಕಂಡು ಬಾ. ಕೆಲ್ಸ ಕಳ್ಕಬೇಡ.”

ಅವಳು ಮತ್ತೆ ಕಳೆ ಕೀಳತೊಡಗಿದಳು, ಒಂದು ರಾಗಿ ದಂಟೂ ಅಲುಗದ ಹಾಗೆ.

ಗುರುವಾರ ಬೆಳಿಗ್ಗೆ ಜೀಪು ನನ್ನ ಹಿಂದೆಯೇ ಬಂತು. ಮುಂದಿನ ಸೀಟಿನಲ್ಲಿ ಸಾಹುಕಾರರು, ಓಡಿಸುತ್ತಿದ್ದವನು ದೇವೇಂದ್ರ. ಹಲಸಿನ ತಿರುವಿನಲ್ಲಿ ದನ ನಿಲ್ಲಲು ನೋಡಿದವು. ನಾನು ಕೋಲು ಬೀಸಿ ಮುಂದಕ್ಕೆ ಹೊಡೆದೆ. ಅಷ್ಟು ಜೋರಾಗಿ ನಾನು ಎಂದೂ ಹೊಡೆದವನಲ್ಲ.

ಬೇಲಿಯನ್ನು ಮುರಿಯುವ ಕೆಲಸವಿರಲಿಲ್ಲ. ಅಕ್ಕ ಬೇಲಿಯ ಬಾಯಿಗೆ ಅಡ್ಡ ಹಾಕಿದ ಉಣುಗೋಲು ಸರಿಸಿ ದಾರಿ ಬಿಟ್ಟುಕೊಂಡು ನಿಂತಿದ್ದಳು. ಮೈಮೇಲೆ ಹಳೇ ಸ್ವೆಟರ್, ಕೈಯಲ್ಲಿ ಖಾಲಿ ಬುಟ್ಟಿ.

“ಮೇಯ್ಲಿ ಬುದ್ಧಿ. ನಿಮ್ದೇ ಅಲ್ವಾ. ನಿನ್ನೆ ಹೊತ್ತು ಮುಳುಗೋವಾಗ ಯೂರಿಯಾ ಚೆಲ್ಲೀನಿ. ಎಲೆ ಮೇಲೆ ಇನ್ನೂ ಹಂಗೇ ಐತೆ.”

ಬಿಳಿಗಾಲಿನ ಹಸು ಕತ್ತು ಚಾಚಿತ್ತು. ಸಾಹುಕಾರರು ಜೀಪಿನಿಂದ ಕಾಲು ಕೆಳಗಿಟ್ಟರು.

“ಹಿಡ್ಕೊಳೊ ಅದನ್ನ.”

ನಾನು ಹಗ್ಗ ಜಗ್ಗಿದೆ. ಅವರು ಅಕ್ಕನನ್ನು ಕೇಳಿದರು.

“ನಿನ್ನೆ ಕಣದಲ್ಲಿ ತಿಪ್ಪೆ ಗೊಬ್ಬರ ಅಂದ್ಯಂತೆ?”

“ನಿನ್ನೆ ಸುಳ್ಳು ಹೇಳ್ದೆ. ಕದ್ದೀನಿ. ಪೋಲೀಸ್ನೋರ್ನ ಕರೀರಿ. ದನ ಬಿಡೋದಾದ್ರೆ ಬಿಡಿ, ಸತ್ರೆ ನನ್ನ ಕೇಳ್ಬೇಡಿ.”

ಸಾಹುಕಾರರು ದೇವೇಂದ್ರನ ಕಡೆ ತಿರುಗಿದರು. “ಏನಯ್ಯ? ನಿಜಾನಾ?”

ಅಲ್ಲಿ ಒಂದು ಕಾಳು ಯೂರಿಯಾ ಇಲ್ಲ ಅಂತ ನಮ್ಮಿಬ್ಬರ ಹಾಗೆ ದೇವೇಂದ್ರನಿಗೂ ಗೊತ್ತಿತ್ತು. ಇಲ್ಲ ಅಂದರೆ ಮೂಟೆ ಎಲ್ಲಿ ಅನ್ನುವ ಪ್ರಶ್ನೆ ಬರುತ್ತದೆ.

“ಇರ್ಬೋದು ಸಾರ್,” ಅಂದ.

ಸಾಹುಕಾರರು ನನ್ನನ್ನು ನೋಡಿದರು. ದನಿ ಇನ್ನೂ ಇಳಿಯಿತು. “ನಂಜುಂಡ, ನೀನು ದಿನಾ ಈ ದಾರೀಲೇ ಓಡಾಡೋನು. ನೀನು ಹೇಳು. ಹಾಕವ್ಳಾ?”

ಇಲ್ಲ ಅಂದರೆ ದನ ಒಳಗೆ ಹೋಗುತ್ತದೆ. ಹೌದು ಅಂದರೆ ಅಕ್ಕ ಠಾಣೆಗೆ ಹೋಗುತ್ತಾಳೆ. ಚಡ್ಡಿಯಲ್ಲಿ ಎರಡು ಹನಿ ಬೆಚ್ಚಗೆ ಇಳಿದದ್ದು ಗೊತ್ತಾಯಿತು. ಅಕ್ಕ ನನ್ನ ಕಡೆ ನೋಡಬಾರದು ಅಂತ ಹಲಸಿನ ಮರ ನೋಡುತ್ತಿದ್ದಳು.

“ಹಾಕವ್ಳೆ ಬುದ್ಧಿ,” ಅಂದೆ. “ನಾನೇ ತಂದ್ಕೊಟ್ಟೆ.”

“ನೀನು? ಸ್ಟೋರಿಗೆ ಬೀಗ ಐತಲ್ಲ?”

“ಬೀಗದ ಕೈ ಯಾರ್ತಾವ ಇರ್ತದೋ ಅವ್ರುನ್ನೇ ಕೇಳಿ.”

ದೇವೇಂದ್ರನ ಕೈ ತಾನಾಗಿ ಸೊಂಟಕ್ಕೆ ಹೋಯಿತು. “ಸೂಳೆಮಗನೆ, ಯಾರ ಮುಂದೆ ಏನ್ ಮಾತಾಡ್ತಿದ್ದೀಯ…” ಅಂತ ಶುರು ಮಾಡಿದ. ಸಾಹುಕಾರರು ಅವನ ಸೊಂಟವನ್ನೇ ನೋಡುತ್ತಿದ್ದರು. ಅವನು ಮುಂದಿನ ಮಾತು ನುಂಗಿದ.

“ದನ ತಿರುಗ್ಸು. ಇಬ್ರೂ ಬಂಗ್ಲೆ ಹತ್ರ ಬನ್ನಿ. ಠಾಣೆಗೆ ಫೋನ್ ಮಾಡ್ತೀನಿ,” ಅಂದರು ಸಾಹುಕಾರರು.

ದನ ತಿರುಗಿಸಿದೆ. ಹತ್ತು ಹೆಜ್ಜೆ ದಾಟಿರಲಿಲ್ಲ, ಹಲಸಿನ ತಿರುವು ಬಂತು. ಬಿಳಿಗಾಲಿನ ಹಸು ನಿಂತಿತು. ಅದರ ಹಿಂದಿನದು ನಿಂತಿತು. ಹನ್ನೊಂದೂ ದನ, ಯಾರೂ ಹೇಳದೆ, ಮರದ ಕೆಳಗೆ ಸಾಲಾಗಿ ನಿಂತು ಒಂದೊಂದಾಗಿ ಬಾಲ ಎತ್ತಿದವು. ನಾನೇ ಕಲಿಸಿದ ರೂಢಿ. ಕೋಲು ಬೀಸಿದೆ, ಹೋಯ್ ಹೋಯ್ ಅಂದೆ. ಒಂದೂ ಅಲುಗಲಿಲ್ಲ. ಇಲ್ಲಿ ನಿಂತು ಸಗಣಿ ಹಾಕಬೇಕು, ಆಮೇಲೆ ಹೋಗಬೇಕು, ಅಷ್ಟೇ ಅವಕ್ಕೆ ಗೊತ್ತು.

ಸಗಣಿ ಬೀಳುವ ಸದ್ದು ಒಂದರ ಮೇಲೊಂದು ಕೇಳಿಸಿತು. ಜೀಪು ಹಿಂದೆ ಬಂದು ನಿಂತಿತ್ತು. ಸಾಹುಕಾರರು ದನ ನೋಡಿದರು. ಮರದ ಬುಡದಲ್ಲಿ ಗೊರಸು ತುಳಿದು ತುಳಿದು ನುಣ್ಣಗಾದ ನೆಲ ನೋಡಿದರು. ಅಲ್ಲಿಂದ ಲಂಟಾನ ಪೊದೆಯ ಕಡೆಗೆ ಸವೆದ ಕಾಲುದಾರಿ ನೋಡಿದರು. ಆಮೇಲೆ ಅಕ್ಕನ ಕೈಯಲ್ಲಿದ್ದ ಬುಟ್ಟಿ.

ಅವರಿಗೆ ಎಲ್ಲ ಗೊತ್ತಾಯಿತು ಅಂತ ನನಗೆ ಗೊತ್ತಾಯಿತು.

ಅಪ್ಪನ ಮುಖ ನೆನಪಾಯಿತು, ಹುಬ್ಬಿನಿಂದ ಕಣ್ಣಿಗೆ ಇಳಿಯುತ್ತಿದ್ದ ಸಗಣಿ. ನಾನು ಕೋಲು ಎಸೆದೆ. ಬಗ್ಗಿ ಎರಡೂ ಕೈಯಲ್ಲಿ, ಮೊಣಕೈ ತನಕ ತುಂಬಿಕೊಂಡು, ಹಬೆ ಆಡುತ್ತಿದ್ದ ಆ ಸಗಣಿ ಎತ್ತಿದೆ. ಅಕ್ಕ ಬಂದು ಬುಟ್ಟಿ ಒಡ್ಡಿದಳು. ಇನ್ನೊಂದು ಸಲ ಬಗ್ಗಿದೆ. ಮತ್ತೊಂದು ಸಲ. ಅರ್ಧ ಬಿಡಲಿಲ್ಲ. ಬುಟ್ಟಿ ತುಂಬಿದ ಮೇಲೆ ಇಬ್ಬರೂ ಹಿಡಿದು ಹಕ್ಕಲಿನ ಕಡೆ ನಡೆದೆವು. ಎರಡು ಸಲ ಎಡವಿದೆ.

ಹಿಂದೆ ಜೀಪಿನ ಇಂಜಿನ್ ನಿಂತಿತು. ಬಾಗಿಲು ತೆರೆದ ಸದ್ದಾಯಿತು.

“ಹಿಂದಕ್ಕೆ ನೋಡ್ಬೇಡ ಕಣೋ,” ಅಂದಳು ಅಕ್ಕ. “ಬುಟ್ಟಿ ವಾಲ್ತದೆ.”