ಎಂಟಕ್ಕೆ ನಾಲ್ಕು

ನನ್ನ ಅಕ್ಕ ಸುಮ್ಮಸುಮ್ಮನೆ ನರಳುವವಳಲ್ಲ. ಬಾಗಿಲ ಸಂದಿಗೆ ಬೆರಳು ಸಿಕ್ಕಿ ಉಗುರು ಕಿತ್ತುಬಂದಾಗಲೂ "ಒಂದು ಚೂರು ಬಟ್ಟೆ ಕೊಡೇ" ಎಂದಷ್ಟೇ ಕೇಳಿದವಳು. ಅಂಥವಳು ಆವತ್ತು ಬೆಳಿಗ್ಗೆ ಹೊಟ್ಟೆ ಹಿಡಿದು ಮುದುಡಿಕೊಂಡಾಗ ನಾನು ಸೀದಾ ನನ್ನ ಹಳೆಯ ಆಸ್ಪತ್ರೆಗೇ ಕರೆದೊಯ್ದೆ. ಅಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದೆ, ಕೊನೆಯ ಹನ್ನೆರಡು ವರ್ಷ ಹೆಡ್ ನರ್ಸ್. ನನ್ನನ್ನು ಕಂಡರೆ ಬಾಗಿಲು ತಾನಾಗಿ ತೆರೆಯುತ್ತದೆ ಎಂಬ ಜಂಬ ನನಗೆ. ತೆರೆಯಿತು ಕೂಡ. ಈಗ ಅದು ಎಲ್ಲರಿಗೂ ತಾನಾಗಿಯೇ ತೆರೆಯುತ್ತದೆ.

ತುರ್ತು ವಾರ್ಡಿನಲ್ಲಿ ಪ್ರತಿ ಮಂಚದ ತಲೆಯ ಬಳಿ ಒಂದು ಪರದೆ. ನೋವು ಹತ್ತಕ್ಕೆ ಎಷ್ಟು ಎಂದು ರೋಗಿ ಹೇಳಬೇಕು. ಯಂತ್ರ ಅದನ್ನು ಕೇಳಿಸಿಕೊಂಡು, ನಾಡಿ, ಮುಖ, ವಯಸ್ಸು ನೋಡಿ, ತನ್ನದೊಂದು ಅಂಕಿ ಕೊಡುತ್ತದೆ. ಡಾಕ್ಟರು ಯಾರನ್ನು ಮೊದಲು ನೋಡಬೇಕು ಎಂದು ತೀರ್ಮಾನಿಸುವುದು ಆ ಅಂಕಿ.

ಅಕ್ಕ "ಎಂಟು" ಎಂದಳು. ಪರದೆಯ ಮೇಲೆ ನಾಲ್ಕು ಮೂಡಿತು.

ಡ್ಯೂಟಿಯಲ್ಲಿದ್ದವಳು ನಾನೇ ಪಳಗಿಸಿದ ನರ್ಸ್. "ಇವಳು ಎಂಟು ಅಂದ್ರೆ ಹನ್ನೆರಡು ಅಂತ ತಿಳ್ಕೋ. ಡಾಕ್ಟರನ್ನ ಕರಿ" ಎಂದೆ.

"ಮುಂದೆ ಒಂಬತ್ತು ಜನ ಇದಾರೆ ಸಿಸ್ಟರ್. ನಾನು ಅಂಕಿ ಬದಲಾಯಿಸಿದ್ರೆ ಮೀಟಿಂಗಲ್ಲಿ ನಿಲ್ಲಿಸಿ ಕೇಳ್ತಾರೆ."

"ನಿನ್ನ ಕಣ್ಣಿಗೇನು ಕಾಣ್ತಿದೆ, ಅದನ್ನ ಹೇಳು."

ಅವಳು ಅಕ್ಕನನ್ನು ನೋಡಲಿಲ್ಲ, ಪರದೆಯನ್ನು ನೋಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಯಂತ್ರ ನೋಡಿಕೊಳ್ಳುವ ಎಂಜಿನಿಯರನ ಕೋಣೆಗೆ ನುಗ್ಗಿ ಬಾಯಿಗೆ ಬಂದಂತೆ ಬೈದೆ.

ಅವನು ಗುರುತು ಹಿಡಿದು ಎದ್ದು ನಿಂತ. "ನೀವಾ ಸಿಸ್ಟರ್? ಇದು ಕಲಿತಿದ್ದೇ ನಿಮ್ಮ ಹಳೇ ಚಾರ್ಟುಗಳಿಂದ. ಎರಡು ಕಾಲಮ್ ಇರ್ತಿತ್ತಲ್ಲ, ರೋಗಿ ಹೇಳಿದ್ದು, ನರ್ಸ್ ಅಂದಾಜು ಅಂತ. ನಿಮ್ಮಷ್ಟು ಒಂದೇ ಥರ ಬರೆದೋರು ಇನ್ಯಾರೂ ಇಲ್ಲ. ಹೆಂಗಸರು ಎಂಟು ಅಂದಿದ್ರೆ ಪಕ್ಕದಲ್ಲಿ ನಾಲ್ಕು. ಎಲ್ಲೂ ತಪ್ಪಿಲ್ಲ."

ಅವನು ಹೊಗಳುತ್ತಿದ್ದ. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ. ನೋವಿನ ಇಂಜೆಕ್ಷನ್ ಯಾವಾಗಲೂ ಕಡಿಮೆ ಬರುತ್ತಿತ್ತು. ಸುಮ್ಮನೆ ಕರೆಸಿದರೆ ಡಾಕ್ಟರು ಸಿಡುಕುತ್ತಿದ್ದರು. ಇದೆಲ್ಲ ನೆಪ. ಹೆಂಗಸರು ಒಂದಕ್ಕೆರಡು ಸೇರಿಸಿ ಹೇಳುತ್ತಾರೆಂದು ನಾನೇ ನಂಬಿದ್ದೆ, ಹೆಂಗಸಾಗಿದ್ದುಕೊಂಡು. "ಎಂಟು ಅಂದ್ರೆ ನಾಲ್ಕು ಬರಿ, ಸ್ವಲ್ಪ ಹೊತ್ತಿಗೆ ಅವರೇ ಸುಮ್ಮನಾಗ್ತಾರೆ" ಎಂದು ಹೊಸಬರಿಗೆಲ್ಲ ಹೇಳಿಕೊಟ್ಟವಳೂ ನಾನೇ.

ಓಡಿ ಬಂದೆ. ಅಕ್ಕ ಸುಮ್ಮನಾಗಿದ್ದಳು.

"ನೋಡಿ, ಕಡಿಮೆ ಆಗಿದೆ" ಎಂದಳು ನರ್ಸ್. ಪರದೆ ಮೂರಕ್ಕೆ ಇಳಿದಿತ್ತು. ಅಕ್ಕನ ಹಣೆ ತಣ್ಣಗಿತ್ತು, ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಒಳಗೆ ಕರುಳು ಒಡೆದಾಗ ನೋವು ಕೆಲಹೊತ್ತು ನಿಂತುಬಿಡುವುದುಂಟು. ಎಷ್ಟು ಹೆಂಗಸರು ಹೀಗೆ ಸುಮ್ಮನಾದಾಗ ನಾನು "ನಿದ್ದೆ" ಎಂದು ಬರೆದಿದ್ದೆನೋ, ಅದನ್ನು ಈಗ ಯಾರನ್ನು ಕೇಳಲಿ?

ಕಾರಿಡಾರಿನಲ್ಲಿ ನಿಂತು ಅರಚಿದೆ. ಡಾಕ್ಟರು ಬಂದರು, ಹೊಟ್ಟೆ ಮುಟ್ಟಿದರು, ಬೈಯುತ್ತಲೇ ಮಂಚವನ್ನು ಆಪರೇಷನ್ ಕೋಣೆಗೆ ತಳ್ಳಿಸಿದರು. ಮೊಳದುದ್ದ ಕರುಳು ತೆಗೆದರು. ಇನ್ನು ಸಾಯುವ ತನಕ ಮಲ ಹೋಗಲು ಅವಳ ಹೊಟ್ಟೆಗೊಂದು ಚೀಲ.

ನಾಲ್ಕನೆಯ ದಿನ ಅಕ್ಕ ಸರಿಯಾಗಿ ಮಾತಾಡಿದಳು. ಆ ಚೀಲವನ್ನು ಮುಟ್ಟಿ ನೋಡಿಕೊಂಡು, ನನ್ನ ಕೈ ಹಿಡಿದಳು.

"ಯಂತ್ರಕ್ಕೇನು ಗೊತ್ತಾಗತ್ತೆ ಬಿಡೇ. ಆವತ್ತು ನೀನು ಡ್ಯೂಟಿಲಿದ್ದಿದ್ರೆ ನನಗೆ ಹೀಗಾಗ್ತಿರಲಿಲ್ಲ."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ ಅಕ್ಕ" ಎಂದೆ.